ಅಳತೆ ಪುಸ್ತಕವಿಲ್ಲದ ಕಾಯಕ

(ಕರ್ಜಗಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನಮ್ಮ ಮಕ್ಕಳು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಸ್ಟಾರ್ಟ್‌ಅಪ್ ಕಂಪನಿಗಳಿಗೆ ಸೇರುತ್ತಿದ್ದಾರೆ. ಹೊಸದನ್ನು ಕಟ್ಟುವುದು ಒಳ್ಳೆಯ ಕಾಯಕವೇ. ಆದರೆ ಅಲ್ಲಿ ಅವರಿಗೆ ಎದುರಾಗುವ ಧರ್ಮಸಂಕಟ ಎಂಥದ್ದೆಂದು ಹೆತ್ತವರಿಗೂ ಗೊತ್ತಿರಬೇಕು.

ನಾನು ಸರ್ಕಾರಿ ಎಂಜಿನಿಯರ್ ಆಗಿದ್ದವನು. ನಮ್ಮಲ್ಲಿ ಎಂ.ಬಿ. ಎಂದಿದೆ, ಅಂದರೆ ಅಳತೆ ಪುಸ್ತಕ. ಆದ ಕೆಲಸದ ಉದ್ದ, ಅಗಲ, ಆಳವನ್ನು ಅದರಲ್ಲಿ ಬರೆದು ಸಹಿ ಹಾಕಬೇಕು. ಮೇಲಿನ ಅಧಿಕಾರಿ ಮತ್ತೆ ಅಳೆದು ನೋಡುತ್ತಾರೆ. ತಪ್ಪಾದರೆ ಅಳಿಸುವಂತಿಲ್ಲ; ಗೆರೆ ಹೊಡೆದು, ಸರಿಯಾದದ್ದನ್ನು ಬರೆದು, ಸಹಿ ಮಾಡಬೇಕು. ಪುಸ್ತಕ ಇದ್ದ ಮಾತ್ರಕ್ಕೆ ಕಳ್ಳತನ ನಿಂತಿತು ಎಂದು ನಾನು ಹೇಳಲಾರೆ. ಆದರೆ ನಾಳೆ ಸೇತುವೆ ಬಿರುಕು ಬಿಟ್ಟರೆ, ಸಹಿ ಯಾರದು ಎಂದು ತೆಗೆದು ನೋಡಬಹುದು.

ಸ್ಟಾರ್ಟ್‌ಅಪ್‌ಗಳಲ್ಲಿ ಎಷ್ಟೋ ಸಲ ಅಂಥ ಪುಸ್ತಕವೇ ಇರುವುದಿಲ್ಲ. ಹೂಡಿಕೆದಾರರು ಕೊಟ್ಟ ಹಣ ಇಂತಿಷ್ಟು ತಿಂಗಳಿಗೆ ಮಾತ್ರ. ಅಷ್ಟರೊಳಗೆ ಸರಕು ಪೇಟೆಗೆ ಬರಬೇಕು. ಇನ್ನೆರಡು ತಿಂಗಳು ಪರೀಕ್ಷೆ ಮಾಡೋಣ ಎಂದವನು ಅಡ್ಡಗಾಲು ಹಾಕುವವನಂತೆ ಕಾಣುತ್ತಾನೆ. ಸಂಬಳದ ಜೊತೆ ಕಂಪನಿಯ ಷೇರಿನ ಆಸೆಯೂ ಇರುತ್ತದೆ. ಅದು ಪೂರ್ತಿ ಕೈಗೆ ಬರಲು ಸಾಮಾನ್ಯವಾಗಿ ನಾಲ್ಕು ವರ್ಷ ಕಾಯಬೇಕು. ದೋಷವನ್ನು ಎತ್ತಿ ತೋರಿಸಿದರೆ ತನ್ನದೇ ಗಂಟು ಕರಗುತ್ತದೆ. ಸರ್ಕಾರಿ ನೌಕರನಿಗೆ ಈ ಸಂಕಟ ಇರಲಿಲ್ಲ.

2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿತು. ಪುಣೆಯಲ್ಲಿ ಒಂದು ಸ್ಕೂಟರ್ ಉರಿದ ಮೇಲೆ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿ ಏಪ್ರಿಲ್‌ನಲ್ಲಿ 1,441 ಸ್ಕೂಟರುಗಳನ್ನು ತಪಾಸಣೆಗೆಂದು ವಾಪಸ್ ಕರೆಸಿತು. ಬ್ಯಾಟರಿ ಪರೀಕ್ಷೆಯ ಬಿಗಿಯಾದ ನಿಯಮ ಜಾರಿಗೆ ಬರತೊಡಗಿದ್ದು ಡಿಸೆಂಬರ್‌ನಿಂದ. ನಿಯಮ ಹೀಗೆ ಸರಕಿನ ಹಿಂದೆ ಬರುತ್ತದೆ. ನಡುವಿನ ಕಾಲದಲ್ಲಿ ಗಿರಾಕಿಯನ್ನು ಕಾಯುವುದು ಎಂಜಿನಿಯರನ ಆತ್ಮಸಾಕ್ಷಿ ಮಾತ್ರ. ಮೊಬೈಲ್ ಆ್ಯಪ್ ಅರ್ಧಂಬರ್ಧ ಇದ್ದರೆ ನಾಳೆ ಸರಿಪಡಿಸಬಹುದು. ಮಗುವನ್ನು ಕೂರಿಸಿಕೊಂಡು ಹೋಗುವ ಸೀಟಿನ ಕೆಳಗಿನ ಬ್ಯಾಟರಿಗೆ ಆ ಮಾತು ಸಲ್ಲದು.

ಅಮೆರಿಕದ ಥೆರಾನೋಸ್ ಎಂಬ ಕಂಪನಿ ಕೆಲವೇ ಹನಿ ರಕ್ತದಲ್ಲಿ ಹತ್ತಾರು ರೋಗಪರೀಕ್ಷೆ ಮಾಡುತ್ತೇವೆಂದು ಹೇಳಿಕೊಂಡಿತು. ಯಂತ್ರದ ಫಲಿತಾಂಶ ತಾಳೆಯಾಗುತ್ತಿರಲಿಲ್ಲ. ಹೊಂದದ ಅಂಕಿಗಳನ್ನು ಬದಿಗೆ ಸರಿಸಲಾಗುತ್ತಿತ್ತು. ಕಾಲೇಜು ಮುಗಿಸಿ ಆಗಷ್ಟೇ ಪ್ರಯೋಗಾಲಯಕ್ಕೆ ಸೇರಿದ್ದ ಎರಿಕಾ ಚಂಗ್ ಮೊದಲು ಒಳಗೇ ಕೇಳಿದಳು. ಪ್ರಯೋಜನವಾಗದೆ ಕೆಲಸ ಬಿಟ್ಟಳು. 2015ರಲ್ಲಿ ಸರ್ಕಾರಿ ನಿಯಂತ್ರಕರಿಗೆ ಬರೆದಳು. ಹೂಡಿಕೆದಾರರಿಗೆ ವಂಚಿಸಿದ್ದಕ್ಕಾಗಿ ಕಂಪನಿ ಕಟ್ಟಿದ ಎಲಿಜಬೆತ್ ಹೋಮ್ಸ್‌ಗೆ 2022ರಲ್ಲಿ 11 ವರ್ಷಕ್ಕೂ ಮೀರಿದ ಜೈಲು ಶಿಕ್ಷೆಯಾಯಿತು.

ಆಯ್ದಕ್ಕಿ ಲಕ್ಕಮ್ಮನ ಕಥೆ ತಮಗೆಲ್ಲ ಗೊತ್ತು. ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದವಳು ಆಕೆ. ಅಲ್ಲಿ ಅಳತೆ ನೋಡಿದ್ದು ಅಧಿಕಾರಿಯಲ್ಲ, ಮನೆಯವಳು.

ಯುವಕ ಯುವತಿಯರಿಗೆ ನನ್ನ ಮಾತು ಇಷ್ಟೆ. ಕಂಪನಿ ಇಡದಿದ್ದರೆ ನಿಮ್ಮ ಅಳತೆ ಪುಸ್ತಕವನ್ನು ನೀವೇ ಇಡಿ. ಯಾವ ಪರೀಕ್ಷೆ ಆಯಿತು, ಯಾವುದು ಆಗಲಿಲ್ಲ, ಬಿಡಲು ಹೇಳಿದವರು ಯಾರು ಎಂಬುದನ್ನು ದಿನಾಂಕ ಸಹಿತ ಬರೆಯಿರಿ. ಆಕ್ಷೇಪವನ್ನು ಬಾಯಲ್ಲಿ ಹೇಳಿ ಸುಮ್ಮನಾಗದೆ ಮೇಲಿನವರಿಗೆ ಲಿಖಿತವಾಗಿ ಕೊಡಿ. ಜೀವಕ್ಕೆ ಅಪಾಯವಿದ್ದೂ ಅವರು ಕೇಳದಿದ್ದರೆ ಸಂಬಂಧಪಟ್ಟ ಇಲಾಖೆಗೆ ತಿಳಿಸಿ.

ಹೆತ್ತವರಿಗೂ ಒಂದು ಮಾತು. ಸಾಲದ ಕಂತು ಇರುವಾಗ ಮಗ ಕೆಲಸ ಬಿಟ್ಟು ಬಂದರೆ, ಮಂದಿ ಏನಂದಾರು ಎನ್ನಬೇಡಿ. ಯಾಕೆ ಬಿಟ್ಟೆ ಎಂದು ಮೊದಲು ಕೇಳಿ. ಮಗಳ ಸಂಬಳ ಎಷ್ಟು ಎಂದು ಕೇಳುವ ನಾವು, ಅವಳು ಮಾಡಿದ ವಸ್ತು ಯಾರ ಕೈಗೆ ಹೋಗುತ್ತದೆ ಎಂದೂ ಕೇಳೋಣ. ಮನೆ ಗಟ್ಟಿಯಿದ್ದರೆ ಮಕ್ಕಳಿಗೆ ಇಲ್ಲ ಎನ್ನುವ ಧೈರ್ಯ ಬರುತ್ತದೆ.