ಬೆಳಕಿನ ಆಜ್ಞೆಗೆ ಓಡುವ ಹನಿ

ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ. ಸಾಬೂನು ಹಚ್ಚಿದ ಬೆರಳನ್ನು ನಡುವೆ ಮುಟ್ಟಿಸಿದರೆ ಪುಡಿಯೆಲ್ಲ ಕ್ಷಣಾರ್ಧದಲ್ಲಿ ಅಂಚಿಗೆ ಓಡುತ್ತದೆ. ಈ ಪ್ರಯೋಗವನ್ನು ಒಮ್ಮೆ ನಾವು ಸ್ಟುಡಿಯೋದಲ್ಲಿ ಚಿತ್ರೀಕರಿಸುತ್ತಿದ್ದೆವು. ಮೊದಲ ಸಲ ಕ್ಯಾಮೆರಾ ಸಿದ್ಧವಿರಲಿಲ್ಲ. "ಇನ್ನೊಮ್ಮೆ ಮಾಡಿ" ಎಂದೆ. ಅದೇ ನೀರಿಗೆ ಹೊಸ ಪುಡಿ ಉದುರಿಸಿ ಬೆರಳು ಮುಟ್ಟಿಸಿದರೆ ಪುಡಿ ಅಲುಗಾಡಲೇ ಇಲ್ಲ! ನೀರು ಚೆಲ್ಲಿ, ತಟ್ಟೆ ತೊಳೆದು, ಮೊದಲಿನಿಂದ ಆರಂಭಿಸಬೇಕಾಯಿತು. ಬೆಳಕಿನಿಂದ ನಡೆಯುವ ದ್ರವದ ಹನಿಯೇ ನಮ್ಮ ಇಂದಿನ ವಿಷಯ. ಅದರ ಗುಟ್ಟು ಆ ಕೆಟ್ಟುಹೋದ ಚಿತ್ರೀಕರಣದಲ್ಲೇ ಇದೆ.

ನೀರಿನ ಮೇಲ್ಮೈಯಲ್ಲಿರುವ ಅಣುಗಳು ಒಂದನ್ನೊಂದು ಎಳೆದುಕೊಂಡಿರುತ್ತವೆ. ಇದೇ ಮೇಲ್ಮೈ ಎಳೆತ. ಸಾಬೂನು ತಗುಲಿದ ಕಡೆ ಈ ಎಳೆತ ಕುಗ್ಗುತ್ತದೆ, ಅಂಚಿನಲ್ಲಿ ಮೊದಲಿನಂತೆಯೇ ಇರುತ್ತದೆ. ಹಗ್ಗಜಗ್ಗಾಟದಲ್ಲಿ ಬಲವಾದ ಕಡೆಗೆ ಹಗ್ಗ ಸರಿಯುವಂತೆ ಮೇಲ್ಮೈ ಅಂಚಿನತ್ತ ಸರಿಯುತ್ತದೆ, ಪುಡಿಯನ್ನೂ ಒಯ್ಯುತ್ತದೆ. 1865ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದ ಇಟಲಿಯ ಕಾರ್ಲೋ ಮರಂಗೋನಿಯ ಹೆಸರಿನಿಂದ ಇದನ್ನು ಮರಂಗೋನಿ ಪರಿಣಾಮ ಎನ್ನುತ್ತಾರೆ. ಸಾಬೂನು ಎಲ್ಲೆಡೆ ಹರಡಿದ ಮೇಲೆ ವ್ಯತ್ಯಾಸವೇ ಉಳಿಯುವುದಿಲ್ಲ. ವ್ಯತ್ಯಾಸವಿಲ್ಲದೆ ಚಲನೆಯಿಲ್ಲ.

ಹಾಗಾದರೆ, ಬೇಕಾದಾಗ ಮೂಡಿಸಿ, ಬೇಡವಾದಾಗ ಅಳಿಸಿ, ಮತ್ತೆ ಮೂಡಿಸಬಲ್ಲ ವ್ಯತ್ಯಾಸ ಇದೆಯೇ? ಇದೆ. ಅದನ್ನು ಮೂಡಿಸುವುದು ಬೆಳಕು.

ಬೆಳಕು ಹನಿಯನ್ನು ತಳ್ಳುತ್ತದೆ ಎಂದು ನೀವು ಊಹಿಸಬಹುದು. ಬೆಳಕಿಗೆ ಒತ್ತಡ ಇರುವುದು ನಿಜ. ಆದರೆ ಲೆಕ್ಕ ಹಾಕಿ ನೋಡೋಣ. ಒಂದು ಮೈಕ್ರೋಲೀಟರ್ ನೀರು ಎಂದರೆ ಲೀಟರಿನ ಹತ್ತು ಲಕ್ಷದ ಒಂದು ಭಾಗ, ಸಾಸಿವೆ ಕಾಳಿನಷ್ಟು ಹನಿ. ಅದು 5 ಮಿಲಿವಾಟ್ ಲೇಸರ್ ಬೆಳಕನ್ನು ಪೂರ್ತಿ ಹೀರಿಕೊಂಡರೂ, ಹನಿಯ ತೂಕವು ಬೆಳಕಿನ ತಳ್ಳುವಿಕೆಗಿಂತ ಸುಮಾರು 6 ಲಕ್ಷ ಪಟ್ಟು ಹೆಚ್ಚು! ಆದ್ದರಿಂದ ಬೆಳಕು ಇಲ್ಲಿ ಎತ್ತಿನ ಕೆಲಸ ಮಾಡುವುದಿಲ್ಲ, ಹಗ್ಗ ಹಿಡಿದವನ ಕೆಲಸ ಮಾಡುತ್ತದೆ.

ಅಜೋಬೆಂಜೀನ್ ಎಂಬ ಅಣು ಕಡ್ಡಿಯಂತೆ ನೇರವಾಗಿರುತ್ತದೆ. ಅತಿನೇರಳೆ ಕಿರಣ ಬಿದ್ದರೆ ಬಾಗುತ್ತದೆ, ನೀಲಿ ಬೆಳಕು ಬಿದ್ದರೆ ಮತ್ತೆ ನೆಟ್ಟಗಾಗುತ್ತದೆ. 2000ದಲ್ಲಿ ಜಪಾನಿನ ಕುನಿಹಿರೋ ಇಚಿಮುರಾ ಮತ್ತು ಸಂಗಡಿಗರು ಇಂಥ ಅಣುಗಳ ತೆಳುಪದರದ ಮೇಲೆ ಆಲಿವ್ ಎಣ್ಣೆಯ ಹನಿಯನ್ನಿಟ್ಟು, ಬೆಳಕನ್ನು ಅಸಮವಾಗಿ ಬೀರಿ, ಅದನ್ನು ಸರಿಸಿದರು. ಇಲ್ಲಿ ಬದಲಾದದ್ದು ಹನಿಯಲ್ಲ, ಅದರ ಕೆಳಗಿನ ನೆಲ. ಒಂದು ಪಕ್ಕದ ನೆಲ ಎಣ್ಣೆಯನ್ನು ಹೆಚ್ಚು ಸೆಳೆಯಿತು, ಹನಿ ಅತ್ತ ಸರಿಯಿತು. 2009ರಲ್ಲಿ ಪ್ಯಾರಿಸ್ಸಿನ ಡೇಮಿಯನ್ ಬೇಗ್ಲ್ ತಂಡ ಇಂಥದೇ ಅಣುಗಳನ್ನು ನೀರಿನಲ್ಲಿ ಬೆರೆಸಿ, ಮೇಲೆ ತೇಲುವ ಎಣ್ಣೆಹನಿಯನ್ನು ನಡೆಸಿತು. 2016ರಲ್ಲಿ ಚೀನಾದ ಫುದಾನ್ ವಿಶ್ವವಿದ್ಯಾಲಯದವರು ಬೆಳಕು ಬಿದ್ದರೆ ಆಕಾರ ಬದಲಿಸುವ ಕಿರುಕೊಳವೆ ಮಾಡಿ, ಪಂಪಿಲ್ಲದೆ ದ್ರವ ಸಾಗಿಸಿದರು.

ಹನಿಯನ್ನು 'ರೋಬಾಟ್' ಎನ್ನುವುದೇಕೆ? ಅದಕ್ಕೆ ಕೈಕಾಲಿಲ್ಲ, ಮಿದುಳಿಲ್ಲ. ಕ್ಯಾಮೆರಾ ಕಣ್ಣಾಗಬಹುದು, ಕಂಪ್ಯೂಟರ್ ಮಿದುಳಾಗಬಹುದು, ಬೆಳಕು ಆಜ್ಞೆಯಾಗುತ್ತದೆ. ಹೋಗು, ನಿಲ್ಲು, ಪಕ್ಕದ ಹನಿಯೊಂದಿಗೆ ಸೇರು: ಇಷ್ಟು ಸಾಧ್ಯವಾದರೆ ಗಾಜಿನ ತುಣುಕೇ ಪ್ರಯೋಗಶಾಲೆ. ಒಂದು ಹನಿ ರಕ್ತವನ್ನು ಪರೀಕ್ಷಾ ರಾಸಾಯನಿಕದ ಹನಿಯೊಂದಿಗೆ ಬೆರೆಸಲು ಕೊಳವೆ ಬೇಡ, ಪಂಪು ಬೇಡ, ಏನನ್ನೂ ಮುಟ್ಟಿಸುವುದೂ ಬೇಡ. ದುಬಾರಿ ರಾಸಾಯನಿಕವೂ ಉಳಿಯುತ್ತದೆ.

ತೊಡಕುಗಳೂ ಇವೆ. ಮಳೆಗಾಲದಲ್ಲಿ ಬಸ್ಸಿನ ಕಿಟಕಿಯ ಗಾಜನ್ನು ನೋಡಿ. ಸಣ್ಣ ಹನಿಗಳು ಜಾರದೆ ಅಂಟಿಕೊಂಡೇ ಇರುತ್ತವೆ. ಕೆಸುವಿನ ಎಲೆಯ ಮೇಲಾದರೆ ಉರುಳಿಹೋಗುತ್ತವೆ. ಹನಿ ಅಂಟದ ನೆಲವನ್ನು ಸಿದ್ಧಪಡಿಸುವುದೇ ಅರ್ಧ ಕೆಲಸ. ಅತಿನೇರಳೆ ಕಿರಣ ಜೀವಕೋಶದ ಡಿಎನ್ಎಗೆ ಹಾನಿ ಮಾಡುತ್ತದೆ. ಬೆಳಕಿನ ಶಾಖದಿಂದ ಹನಿಯನ್ನು ಓಡಿಸುವ ವಿಧಾನಗಳೂ ಇವೆ. ಅಲ್ಲಿ ಶಾಖ ಹೆಚ್ಚಾದರೆ ಹನಿ ಆವಿಯಾಗುತ್ತದೆ, ಪ್ರೋಟೀನುಗಳು ಬೆಂದ ಮೊಟ್ಟೆಯ ಬಿಳಿಭಾಗದಂತೆ ಕೆಡುತ್ತವೆ.

ಇಂಥ ಹನಿಗಳು ನಾಳೆಯೇ ನಮ್ಮ ರಕ್ತನಾಳಗಳಲ್ಲಿ ಈಜಿ ಔಷಧ ಹಂಚುತ್ತವೆ ಎಂದು ಯಾರಾದರೂ ಹೇಳಿದರೆ ಒಂದು ಪರೀಕ್ಷೆ ಮಾಡಿ. ಕತ್ತಲ ಕೋಣೆಯಲ್ಲಿ ಟಾರ್ಚಿನ ಗಾಜನ್ನು ಬೆರಳುಗಳಿಂದ ಮುಚ್ಚಿ. ಬಿಳಿ ಬೆಳಕು ಒಳಹೊಕ್ಕರೂ ಹೊರಬರುವುದು ಕೆಂಪು ಮಾತ್ರ. ಅಜೋಬೆಂಜೀನನ್ನು ಆಳುವ ನೀಲಿ ಮತ್ತು ಅತಿನೇರಳೆ ಬೆಳಕನ್ನು ನಮ್ಮ ದೇಹ ಬಾಗಿಲಲ್ಲೇ ತಡೆಯುತ್ತದೆ. ಹಾಗಾಗಿ ಈ ಹನಿಗೆ ಸದ್ಯಕ್ಕೆ ತಕ್ಕ ಮನೆ ಗಾಜಿನ ತುಣುಕು, ರಕ್ತನಾಳವಲ್ಲ.

ಮೆಣಸಿನ ಪುಡಿಯ ಪ್ರಯೋಗವನ್ನು ನೀವೂ ಮನೆಯಲ್ಲಿ ಮಾಡಿ. ಮುಖ್ಯವಾಗಿ, ಎರಡನೇ ಸಲ ಅದೇ ನೀರಿನಲ್ಲಿ ಮಾಡಿ. ಪುಡಿ ಏಕೆ ಕದಲಲಿಲ್ಲ ಎಂದು ತಮ್ಮನಿಗೋ ತಂಗಿಗೋ ವಿವರಿಸಬಲ್ಲಿರಾದರೆ, ಬೆಳಕಿನ ಹನಿಯ ವಿಜ್ಞಾನದ ಮೊದಲ ಪಾಠ ನಿಮಗೆ ದಕ್ಕಿತೆಂದೇ ಅರ್ಥ.