ಉಳಿಸಿದ್ದಕ್ಕೂ ದಂಡವೇ?

ಸಾಲ ಮಾಡಿ ಪರಾರಿಯಾದವರ ಸುದ್ದಿ ದಿನಾ ನೋಡ್ತೀವಿ. ಇವತ್ತು ಉಳಿತಾಯ ಜಾಸ್ತಿ ಮಾಡಿ ನಷ್ಟ ಮಾಡಿಕೊಳ್ಳೋರ ಬಗ್ಗೆ ಮಾತಾಡೋಣ. ನಗಬೇಡಿ, ಅಂಥವರೂ ಇದ್ದಾರೆ. ನಿಮ್ಮ ಮನೆಯಲ್ಲೇ ಇರಬಹುದು.

ಪಿಪಿಎಫ್ ಗೊತ್ತಲ್ಲ? 1968ರಲ್ಲಿ ಶುರುವಾದ ಯೋಜನೆ. ಪಿಂಚಣಿ ಇಲ್ಲದ ಅಂಗಡಿಯವರು, ಖಾಸಗಿ ಶಾಲೆಯ ಮೇಷ್ಟ್ರುಗಳು ಮುಪ್ಪಿನ ಕಾಲಕ್ಕೆ ಅಂತ ಕೂಡಿಡುವ ಗಂಟು ಅದು. 2020ರ ಏಪ್ರಿಲ್‌ನಿಂದ ಬಡ್ಡಿ ಶೇಕಡ 7.1. ಆ ಬಡ್ಡಿಗೆ ತೆರಿಗೆ ಇಲ್ಲ. ಆದರೆ ಒಂದು ಲಕ್ಷ್ಮಣರೇಖೆ ಇದೆ: ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಬ್ಬರು ಹಾಕಬಹುದಾದದ್ದು 1.5 ಲಕ್ಷ ರೂಪಾಯಿ ಮಾತ್ರ.

ಇಷ್ಟು ಎಲ್ಲರಿಗೂ ಗೊತ್ತು. ಎಡವೋದು ಎಲ್ಲಿ ಅಂದ್ರೆ, ಮಕ್ಕಳ ಖಾತೆಯಲ್ಲಿ. ಅಪ್ಪ ತನ್ನ ಖಾತೆಗೆ 1.5 ಲಕ್ಷ ಹಾಕ್ತಾನೆ. ತಾನೇ ಪೋಷಕನಾಗಿ ಮಗಳ ಹೆಸರಲ್ಲಿ ತೆರೆದ ಖಾತೆಗೆ ಮತ್ತೆ 50 ಸಾವಿರ ಹಾಕ್ತಾನೆ. ಮಗಳದ್ದು ಬೇರೆ ಖಾತೆ ಅಲ್ವಾ ಅಂತಾನೆ. ಅಲ್ಲ ಸ್ವಾಮಿ! ಎರಡೂ ಸೇರಿ 1.5 ಲಕ್ಷ. ಒಂದೇ ಖಾತೆಯಾದರೆ ಕಂಪ್ಯೂಟರ್ ಸಾಮಾನ್ಯವಾಗಿ ತಡೆಯುತ್ತೆ. ಅಪ್ಪನದು ಬ್ಯಾಂಕಿನಲ್ಲಿ, ಮಗಳದು ಅಂಚೆ ಕಚೇರಿಯಲ್ಲಿ ಇದ್ದರೆ? ಇವರು ಹಾಕಿದ್ದು ಅವರಿಗೆ ಗೊತ್ತಾಗಲ್ಲ.

ಹೆಚ್ಚುವರಿ ಹಣವನ್ನು ಸರ್ಕಾರ ಮುಟ್ಟುಗೋಲು ಹಾಕಲ್ಲ, ಗಾಬರಿ ಬೇಡ. ಬಡ್ಡಿ ಇಲ್ಲದೆ ಅಸಲನ್ನಷ್ಟೇ ವಾಪಸ್ ಕೊಡುತ್ತೆ. ತೆರಿಗೆ ವಿನಾಯಿತಿಯೂ ಅದಕ್ಕಿಲ್ಲ. ಇಷ್ಟೇನಾ ಅಂತೀರಾ? ಲೆಕ್ಕ ಹಾಕಿ. ಇದೇ ದರದಲ್ಲಿ 50 ಸಾವಿರ ರೂಪಾಯಿ 15 ವರ್ಷಕ್ಕೆ ಸುಮಾರು 1.4 ಲಕ್ಷ ಆಗಬೇಕು. ಖಾತೆ ಮುಗಿಸೋ ದಿನ ತಪ್ಪು ಸಿಕ್ಕಿಬಿದ್ದರೆ ಕೈಗೆ ಬರೋದು ಅದೇ 50 ಸಾವಿರ. ಅದಕ್ಕೇ ಹೇಳ್ತಿದೀನಿ, ಇಲ್ಲಿ ನಷ್ಟ ತಪ್ಪಿನಿಂದಲ್ಲ, ತಡದಿಂದ.

ಇನ್ನು ಕೆಲವರದ್ದು ಎರಡೆರಡು ಖಾತೆ. ಊರಿನ ಅಂಚೆ ಕಚೇರಿಯಲ್ಲಿ ಒಂದು, ಕೆಲಸ ಸಿಕ್ಕಿದ ಊರಿನ ಬ್ಯಾಂಕಿನಲ್ಲಿ ಇನ್ನೊಂದು. ಒಬ್ಬರಿಗೆ ಒಂದೇ ಖಾತೆ ಅನ್ನೋದು ನಿಯಮ. ಇದನ್ನು ಸರಿಪಡಿಸಲು ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಎರಡರಲ್ಲಿ ಒಂದನ್ನು ಮುಖ್ಯ ಖಾತೆ ಅಂತ ನೀವೇ ಆರಿಸಿಕೊಳ್ಳಬಹುದು. ಆಯಾ ವರ್ಷದ ಮಿತಿಯೊಳಗೆ ಬರೋವಷ್ಟು ಹಣ ಎರಡನೆಯದರಿಂದ ಅದಕ್ಕೆ ಸೇರುತ್ತೆ. ಮಿತಿ ಮೀರಿದ್ದು ಬಡ್ಡಿಯಿಲ್ಲದೆ ವಾಪಸ್. ಮೂರನೆಯ ಖಾತೆ ಇದ್ದರೆ ತೆರೆದ ದಿನದಿಂದಲೇ ಬಡ್ಡಿ ಸೊನ್ನೆ.

ಹಾಗಾದ್ರೆ ಮಾಡೋದೇನು? ಮನೆಯ ಪಿಪಿಎಫ್ ಪಾಸ್‌ಬುಕ್‌ಗಳನ್ನೆಲ್ಲ ಒಂದು ಕಡೆ ಇಡಿ. ವರ್ಷವಾರು ಕೂಡಿ. ಹೆಚ್ಚಾಗಿದ್ದರೆ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಿ ಅರ್ಜಿ ಬರೆದು ಕೊಡಿ: ಇಂಥ ವರ್ಷ ಇಷ್ಟು ಹೆಚ್ಚಾಗಿದೆ, ವಾಪಸ್ ಕೊಡಿ ಅಂತ. ಎರಡೂ ಖಾತೆಯ ವಿವರ ಲಗತ್ತಿಸಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಬಂದ ದುಡ್ಡನ್ನು ಬಡ್ಡಿ ಸಿಗೋ ಕಡೆ ಹಾಕಿ.

ಈಗ ಸರ್ಕಾರಕ್ಕೆ ನನ್ನದೊಂದು ಪ್ರಶ್ನೆ. ಸಣ್ಣ ಉಳಿತಾಯಕ್ಕೆ ಪ್ಯಾನ್, ಆಧಾರ್ ಕಡ್ಡಾಯ ಮಾಡಿದ್ದು 2023ರಲ್ಲಿ. ಪ್ಯಾನ್ ಇದೆ, ಕಂಪ್ಯೂಟರ್ ಇದೆ. ಮಿತಿ ಮೀರಿದ ದಿನವೇ ಮೊಬೈಲಿಗೆ ಒಂದು ಸಂದೇಶ ಕಳಿಸೋಕೆ ಏನು ಕಷ್ಟ? ತೆರಿಗೆ ಬಾಕಿ ಇದ್ದರೆ ಹುಡುಕಿಕೊಂಡು ನೋಟಿಸ್ ಬರುತ್ತೆ. ಬಡ್ಡಿ ನಿಂತರೆ ಮಾತ್ರ ಯಾಕೆ ಮೌನ? ದುಡ್ಡು ತಗೊಳ್ಳುವಾಗ ಇರೋ ಕಣ್ಣು, ಎಚ್ಚರಿಸುವಾಗಲೂ ಇರಬೇಕು.

ಆ ಕಣ್ಣು ತೆರೆಯೋವರೆಗೆ ನಿಮ್ಮ ಗಂಟನ್ನು ನೀವೇ ಕಾಯಬೇಕು. ಮಾರ್ಚ್ 31ರವರೆಗೆ ಕಾಯಬೇಡಿ, ಈ ಭಾನುವಾರವೇ ಲೆಕ್ಕ ಹಾಕಿ.