ಲೇಸರ್ ಬೆಳಕಿನ ಜಮಾ-ಖರ್ಚು

ಮಕ್ಕಳೇ, ಲೇಸರ್ ಒಳಗೆ ಎದುರುಬದುರಾಗಿ ಎರಡು ಕನ್ನಡಿಗಳಿರುತ್ತವೆ. ಅವುಗಳ ನಡುವೆ ಓಡಾಡುವ ಬೆಳಕು ಸುತ್ತು ಸುತ್ತಿಗೂ ಹೆಚ್ಚುತ್ತದೆ. ಹಾಗಾದರೆ ಅದು ಹೆಚ್ಚುತ್ತಲೇ ಹೋಗಿ ಕನ್ನಡಿಯನ್ನೇ ಸುಟ್ಟುಬಿಡಬೇಕಿತ್ತಲ್ಲವೇ? ಆದರೆ ಪ್ರಯೋಗಶಾಲೆಯ ಲೇಸರ್ ಗಂಟೆಗಟ್ಟಲೆ ಒಂದೇ ಸಮನೆ ಬೆಳಗುತ್ತದೆ. ಅದನ್ನು ಹದದಲ್ಲಿ ಇಡುವವರು ಯಾರು?

1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೋಡೋರ್ ಮೈಮನ್ ತೋರಿಸಿದ ಮೊದಲ ಲೇಸರ್ ಕ್ಷಣಮಾತ್ರ ಹೊಳೆದು ಆರುತ್ತಿತ್ತು. ಅದೇ ಡಿಸೆಂಬರ್‌ನಲ್ಲಿ ಬೆಲ್ ಪ್ರಯೋಗಾಲಯದ ಅಲಿ ಜಾವನ್, ವಿಲಿಯಂ ಬೆನೆಟ್ ಮತ್ತು ಡೊನಾಲ್ಡ್ ಹೆರಿಯಟ್ ಎಡೆಬಿಡದೆ ಬೆಳಗುವ ಲೇಸರ್ ಮಾಡಿದರು. ಅದೊಂದು ಹೀಲಿಯಂ ಮತ್ತು ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆ. ವಿದ್ಯುತ್ತಿನಿಂದ ಶಕ್ತಿ ಪಡೆದ ಹೀಲಿಯಂ ಪರಮಾಣುಗಳು ನಿಯಾನ್‌ಗೆ ಡಿಕ್ಕಿ ಹೊಡೆದು ಆ ಶಕ್ತಿಯನ್ನು ದಾಟಿಸುತ್ತವೆ. ಶಕ್ತಿ ತುಂಬಿದ ನಿಯಾನ್ ಪರಮಾಣುವಿನ ಪಕ್ಕದಲ್ಲಿ ಬೆಳಕಿನ ಕಣವೊಂದು, ಅಂದರೆ ಫೋಟಾನ್, ಹಾದುಹೋದಾಗ ಪರಮಾಣು ತದ್ರೂಪಿ ಫೋಟಾನೊಂದನ್ನು ಬಿಡಬಲ್ಲದು. ಐನ್‌ಸ್ಟೈನ್ 1917ರಲ್ಲೇ ಲೆಕ್ಕ ಹಾಕಿ ಹೇಳಿದ್ದ ಸಂಗತಿಯಿದು. ಆದರೆ ಫೋಟಾನ್ ಕೊಟ್ಟ ಪರಮಾಣು ಮತ್ತೆ ಶಕ್ತಿ ಪಡೆಯುವವರೆಗೂ ಇನ್ನೊಂದನ್ನು ಕೊಡಲಾರದು. ಗುಟ್ಟೆಲ್ಲ ಇಲ್ಲೇ ಇದೆ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ. ಒಂದು ಸುತ್ತಿನಲ್ಲಿ 100 ಫೋಟಾನ್‌ಗಳಿಗೆ ಖರ್ಚು 2: ಒಂದು ಕನ್ನಡಿಯಿಂದ ಹೊರಬಿದ್ದು ಲೇಸರ್ ಕಿರಣವಾಗುತ್ತದೆ, ಇನ್ನೊಂದು ಒಳಗೇ ಪೋಲಾಗುತ್ತದೆ. ಪರಮಾಣುಗಳು ಕೊಡುವ ಜಮಾ 5. ಆಗ 100 ಇದ್ದದ್ದು 103, ಮುಂದಿನ ಸುತ್ತಿಗೆ ಸುಮಾರು 106. ಬೆಳಕು ಬೆಳೆದಷ್ಟೂ ಪರಮಾಣುಗಳು ಬೇಗಬೇಗ ಬರಿದಾಗುತ್ತವೆ. ಹಾಗಾಗಿ ನೂರಕ್ಕೆ 5 ಇದ್ದ ಜಮಾ 4, 3 ಎಂದು ಇಳಿಯುತ್ತಾ 2ಕ್ಕೆ ಬಂದು ನಿಲ್ಲುತ್ತದೆ. ಈಗ ಜಮಾ, ಖರ್ಚು ಸರಿಸಮ. ಬೆಳಕು ಕೊಂಚ ಹೆಚ್ಚಾದರೆ ಜಮಾ 2ಕ್ಕಿಂತ ಇಳಿದು ಅದನ್ನು ತಗ್ಗಿಸುತ್ತದೆ. ಕೊಂಚ ಕಡಿಮೆಯಾದರೆ ಜಮಾ ಏರಿ ಅದನ್ನು ಎತ್ತುತ್ತದೆ. ವಿಜ್ಞಾನಿಗಳು ಇದನ್ನು ಸ್ಥಿರ ಸ್ಥಿತಿ ಎನ್ನುತ್ತಾರೆ. ಲೇಸರನ್ನು ಹದದಲ್ಲಿ ಇಡುವುದು ಅದರದೇ ಬೆಳಕು!

ಪರಮಾಣುಗಳಿಗೆ ಇನ್ನೂ ವೇಗವಾಗಿ ಶಕ್ತಿ ತುಂಬಿ, ಮೊದಲ ಜಮಾ 10 ಆಗುವಂತೆ ಮಾಡಿದರೆ? ಕೊನೆಗೆ ನಿಲ್ಲುವ ಜಮಾ ಕೂಡ ದುಪ್ಪಟ್ಟಾಗುತ್ತದೆ ಎಂದು ನಿಮಗೆ ಅನ್ನಿಸಬಹುದು. ಇಲ್ಲ, ಅದು ಈಗಲೂ 2ಕ್ಕೇ ಬಂದು ನಿಲ್ಲುತ್ತದೆ. ಖರ್ಚು 2 ಇರುವಾಗ ಸಮತೋಲ ಸಿಗುವುದು ಅಲ್ಲಿ ಮಾತ್ರ. ಹೆಚ್ಚುವರಿ ಶಕ್ತಿಯೆಲ್ಲ ಬೆಳಕಿಗೆ ಸೇರಿ ಕಿರಣ ಪ್ರಖರವಾಗುತ್ತದೆ. ಮೊದಲ ಜಮಾ ಬರೀ 1 ಆಗಿದ್ದರೆ ಮಾತ್ರ 100 ಇದ್ದದ್ದು 99, 98 ಎಂದು ಕರಗುತ್ತದೆ. ಎಷ್ಟು ಹೊತ್ತು ಕಾದರೂ ಲೇಸರ್ ಬೆಳಗುವುದಿಲ್ಲ.

ಇನ್ನು ನಿಮಗೆರಡು ಪ್ರಶ್ನೆ. ಮೊದಲ ಜಮಾ 5 ಇರುವ ನಮ್ಮ ಲೇಸರಿನಲ್ಲಿ ಕನ್ನಡಿ ನೂರಕ್ಕೆ 6 ಫೋಟಾನ್‌ಗಳನ್ನು ಹೊರಬಿಟ್ಟರೆ ಏನಾಗುತ್ತದೆ? ಒಂದನ್ನೂ ಬಿಡದಿದ್ದರೆ? ಬರೆದು ನೋಡಿ. ಲೇಸರ್ ತಯಾರಿಸುವವರು ಕನ್ನಡಿ ಆರಿಸುವಾಗಲೂ ಇಂಥದೇ ಲೆಕ್ಕ ಹಾಕುತ್ತಾರೆ.